ಸಣ್ಣ ಗ್ರೇನಿನ ಕಪ್ಪು-ಬಿಳುಪು ಫಿಲ್ಮಿಗೆ ಡೆವಲಪರ್: ಮೊದಲು ನಲ್ಲಿ ನೀರು ನೋಡಿ

ಇಲ್‌ಫೋರ್ಡ್ ಪ್ಯಾನ್ ಎಫ್ ಪ್ಲಸ್, ಡೆಲ್ಟಾ 100, ಕೊಡಾಕ್ ಟಿ-ಮ್ಯಾಕ್ಸ್ 100. ಇಂಥ ಸಣ್ಣ ಗ್ರೇನಿನ, ಅಂದರೆ ಚಿತ್ರದಲ್ಲಿ ಕಣಗಳು ಸಣ್ಣದಾಗಿ ಕಾಣುವ ಫಿಲ್ಮನ್ನು ಮೊದಲ ಸಲ ಕೊಂಡವರು ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ. "ಇದಕ್ಕೆ ಎಲ್ಲಕ್ಕಿಂತ ಸಣ್ಣ ಗ್ರೇನ್ ಕೊಡುವ ಡೆವಲಪರ್ ಯಾವುದು?" (ಡೆವಲಪರ್ ಅಂದರೆ ಫಿಲ್ಮಿನಲ್ಲಿ ಚಿತ್ರ ಮೂಡಿಸುವ ದ್ರಾವಣ.) ನಾನು ತಿರುಗಿ ಕೇಳುವುದು: "ನಿಮ್ಮ ಮನೆ ನಲ್ಲಿಯ ನೀರು ಎಷ್ಟು ಡಿಗ್ರಿ ಇದೆ?"

ಸಂಬಂಧವೇ ಇಲ್ಲದ ಪ್ರಶ್ನೆ ಅನ್ನಿಸಬಹುದು. ಆದರೆ ಫಿಲ್ಮ್ ಡಬ್ಬಿಯ ಮೇಲೆ, ಡೆವಲಪರ್ ಕವರಿನ ಮೇಲೆ ಕೊಟ್ಟಿರುವ ನಿಮಿಷಗಳು ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್‌ಗೆ ಬರೆದವು. ಚಳಿ ದೇಶದಲ್ಲಿ ನಲ್ಲಿ ನೀರಿಗೆ ಒಂದಿಷ್ಟು ಬಿಸಿನೀರು ಬೆರೆಸಿದರೆ 20 ಆಗುತ್ತದೆ. ನಮ್ಮಲ್ಲಿ ಅದೇ 20ಕ್ಕೆ ಐಸ್ ಬೇಕು. ಏಪ್ರಿಲ್ ಮಧ್ಯಾಹ್ನ ನಮ್ಮ ಮನೆಯ ನಲ್ಲಿಯಲ್ಲಿ 29 ಡಿಗ್ರಿ ಅಳೆದಿದ್ದೇನೆ. ಡೆವಲಪರ್ ಆಯ್ಕೆ ಇಲ್ಲಿಂದಲೇ ಶುರುವಾಗಬೇಕು ಎಂದು ನನಗೆ ಅರ್ಥವಾಗಲು ಬಹಳ ರೀಲು ಖರ್ಚಾಯಿತು. ನಿಮಗೆ ಅಷ್ಟು ಖರ್ಚಾಗದಿರಲಿ ಎಂದು ಈ ಲೇಖನ.

ಮೊದಲ ಹೆಜ್ಜೆ: ಗ್ರೇನ್ ಎಲ್ಲಿಂದ ಬರುತ್ತದೆ ಎಂದು ತಿಳಿಯಿರಿ

ಫಿಲ್ಮಿನ ಜಿಲೆಟಿನ್ ಪದರದಲ್ಲಿ ಬೆಳ್ಳಿಯ ಲವಣದ ಹರಳುಗಳಿರುತ್ತವೆ. ಬೆಳಕು ತಾಗಿದ ಹರಳುಗಳನ್ನು ಡೆವಲಪರ್ ಕಪ್ಪು ಬೆಳ್ಳಿಯಾಗಿ ಬದಲಿಸುತ್ತದೆ. ಆ ಬೆಳ್ಳಿ ಕಣಗಳು ಒಂದರ ಮೇಲೊಂದು ಕೂತು ಗುಂಪಾಗಿ ಕಾಣುವುದನ್ನೇ ನಾವು ಗ್ರೇನ್ ಅನ್ನುತ್ತೇವೆ.

ಇದನ್ನು ರವೆಗೆ ಹೋಲಿಸುವುದು ನನಗೆ ಇಷ್ಟ. ಚಿರೋಟಿ ರವೆ ಬೇರೆ, ಬನ್ಸಿ ರವೆ ಬೇರೆ. ಬನ್ಸಿ ರವೆ ತಂದು ಎಷ್ಟೇ ಚೆನ್ನಾಗಿ ಬೇಯಿಸಿದರೂ ಅದು ಚಿರೋಟಿ ರವೆಯಷ್ಟು ನುಣುಪಾಗುವುದಿಲ್ಲ. ಫಿಲ್ಮ್ ಅಂದರೆ ರವೆ, ಡೆವಲಪರ್ ಅಂದರೆ ಬೇಯಿಸುವ ರೀತಿ. ಐಎಸ್‌ಒ 400ರ ವೇಗದ, ಅಂದರೆ ಬೆಳಕಿಗೆ ಹೆಚ್ಚು ಸೂಕ್ಷ್ಮವಾದ ಫಿಲ್ಮನ್ನು ಯಾವ ಡೆವಲಪರಿನಲ್ಲಿ ತೊಳೆದರೂ (ಡೆವಲಪ್ ಮಾಡುವುದನ್ನೇ ತೊಳೆಯುವುದು ಅನ್ನುತ್ತಿದ್ದೇನೆ) ಅದು ಪ್ಯಾನ್ ಎಫ್ ಆಗುವುದಿಲ್ಲ.

ಈ ಸಣ್ಣ ಗ್ರೇನಿನ ಫಿಲ್ಮುಗಳಲ್ಲಿ ಎರಡು ಜಾತಿ. ಪ್ಯಾನ್ ಎಫ್ ಪ್ಲಸ್ (ಐಎಸ್‌ಒ 50), ಎಫ್‌ಪಿ4 ಪ್ಲಸ್ (ಐಎಸ್‌ಒ 125) ಹಳೆಯ ಬಗೆಯ ಹರಳಿನವು. ಟಿ-ಮ್ಯಾಕ್ಸ್ 100, ಡೆಲ್ಟಾ 100 ಚಪ್ಪಟೆ ಹರಳಿನವು. ಕೊಡಾಕ್ ಈ ಚಪ್ಪಟೆ ಹರಳಿನ ಟಿ-ಮ್ಯಾಕ್ಸ್ ಅನ್ನು 1986ರಲ್ಲಿ ತಂದಿತು. ಚಪ್ಪಟೆ ಹರಳು ಹೆಚ್ಚು ಬೆಳಕು ಹಿಡಿಯುತ್ತದೆ. ಹಾಗಾಗಿ 100ರ ವೇಗದಲ್ಲೂ ಗ್ರೇನ್ ತುಂಬಾ ಸಣ್ಣದಾಗಿ ಉಳಿಯುತ್ತದೆ. ಆದರೆ ಇವು ನಿಮಿಷದ ಲೆಕ್ಕದಲ್ಲಿ, ಉಷ್ಣತೆಯಲ್ಲಿ ಜಾಸ್ತಿ ಸೂಕ್ಷ್ಮ. ಹಳೆಯ ಬಗೆಯ ಫಿಲ್ಮ್ ಅರ್ಧ ನಿಮಿಷದ ತಪ್ಪನ್ನು ಸಹಿಸಿಕೊಳ್ಳುತ್ತದೆ, ಟಿ-ಮ್ಯಾಕ್ಸ್ ಅಷ್ಟು ಸುಲಭವಾಗಿ ಸಹಿಸುವುದಿಲ್ಲ.

ಡೆವಲಪರ್ ಬದಲಿಸುವ ಮೊದಲು ಇನ್ನೆರಡು ವಿಷಯ ನೋಡಿ. ಒಂದು, ಬೆಳಕು ಜಾಸ್ತಿ ಕೊಟ್ಟಷ್ಟೂ ನೆಗೆಟಿವ್ ದಟ್ಟವಾಗುತ್ತದೆ, ದಟ್ಟವಾದಷ್ಟೂ ಗ್ರೇನ್ ಎದ್ದು ಕಾಣುತ್ತದೆ. ಎರಡು, ಜಾಸ್ತಿ ಹೊತ್ತು ತೊಳೆದರೂ ಹಾಗೇ ಆಗುತ್ತದೆ. ಎಷ್ಟೋ ಸಲ "ಈ ಡೆವಲಪರ್ ಒರಟು" ಎಂದು ಬೈಸಿಕೊಳ್ಳುವ ಡೆವಲಪರಿನ ತಪ್ಪೇನೂ ಇರುವುದಿಲ್ಲ. ಎರಡು ನಿಮಿಷ ಕಡಿಮೆ ತೊಳೆದಿದ್ದರೆ ಸಾಕಿತ್ತು.

ಚಿತ್ರವನ್ನು ಎಷ್ಟು ದೊಡ್ಡದು ಮಾಡುತ್ತೀರಿ?

ಇದನ್ನು ಲೆಕ್ಕ ಹಾಕಿಯೇ ನೋಡೋಣ. 35 ಎಂಎಂ ಫಿಲ್ಮಿನ ಒಂದು ಚೌಕಟ್ಟು 24 ಮಿಲಿಮೀಟರ್ ಎತ್ತರ. ಅದರಿಂದ 8 x 12 ಇಂಚಿನ ಪ್ರಿಂಟ್ ಮಾಡಿದರೆ ಸುಮಾರು ಎಂಟೂವರೆ ಪಟ್ಟು ದೊಡ್ಡದು ಮಾಡಿದಂತೆ. ಅದಕ್ಕಿಂತ ಅಗಲವಾದ 120 ಫಿಲ್ಮಿನ ಆರು-ಆರು ಸೆಂಟಿಮೀಟರಿನ ಚೌಕದಿಂದ 8 ಇಂಚಿನ ಪ್ರಿಂಟ್ ಮಾಡಿದರೆ ನಾಲ್ಕು ಪಟ್ಟು ಕೂಡ ಆಗುವುದಿಲ್ಲ.

ಅಂದರೆ ನಿಮ್ಮದು 120 ಕ್ಯಾಮೆರಾ, ಪ್ರಿಂಟ್ 8 ಅಥವಾ 10 ಇಂಚು ಅಂತಾದರೆ, 100ರ ಫಿಲ್ಮಿನಲ್ಲಿ ಗ್ರೇನ್ ಬಗ್ಗೆ ಚಿಂತೆಯೇ ಬೇಡ. ಯಾವ ಡೆವಲಪರ್ ಹಾಕಿದರೂ ಗ್ರೇನ್ ಕಾಣುವುದಿಲ್ಲ. ಚೂಪು ಜಾಸ್ತಿ ಕೊಡುವುದನ್ನು ಆರಿಸಿ. 35 ಎಂಎಂನಲ್ಲಿ 12 x 18 ಇಂಚಿಗೆ ಹೋಗುತ್ತೀರಾ? ಆಗ ಮುಂದಿನದು ನಿಮಗೆ ನಿಜವಾಗಿ ಬೇಕಾಗುತ್ತದೆ. ಮೊಬೈಲಿನಲ್ಲಿ ಮಾತ್ರ ತೋರಿಸುತ್ತೀರಿ ಎಂದಾದರೆ ಸುಮ್ನೆ ಡಿ-76 ಎಂಬ ಡೆವಲಪರ್ ತೆಗೆದುಕೊಂಡು ಶುರು ಮಾಡಿ.

ಮೂರರಲ್ಲಿ ಎರಡು

ಸಣ್ಣ ಗ್ರೇನ್, ಚೂಪಾದ ಅಂಚು, ಫಿಲ್ಮಿನ ಪೂರ್ತಿ ವೇಗ. ಮೂರೂ ಒಟ್ಟಿಗೆ ತುತ್ತತುದಿಯಲ್ಲಿ ಸಿಗುವುದಿಲ್ಲ. ಒಂದನ್ನು ಎಳೆದರೆ ಇನ್ನೊಂದು ಸಡಿಲವಾಗುತ್ತದೆ. ಇದಕ್ಕೆ ಕಾರಣ ಸೋಡಿಯಂ ಸಲ್ಫೈಟ್ ಎಂಬ ಬಿಳಿ ಪುಡಿ. ಲೀಟರಿಗೆ 100 ಗ್ರಾಂನಷ್ಟು ಇದ್ದಾಗ ಅದು ಹರಳುಗಳ ಅಂಚನ್ನು ತುಸು ಕರಗಿಸುತ್ತದೆ. ಗ್ರೇನ್ ಮೆತ್ತಗಾಗುತ್ತದೆ, ಜೊತೆಗೆ ಚಿತ್ರದ ಅಂಚೂ ಸ್ವಲ್ಪ ಮೆತ್ತಗಾಗುತ್ತದೆ. ಸಲ್ಫೈಟ್ ಕಡಿಮೆಯಾದರೆ ಅಂಚು ಚೂಪಾಗುತ್ತದೆ, ಗ್ರೇನ್ ಮೊನಚಾಗಿ ಕಾಣುತ್ತದೆ. ಇಷ್ಟು ನೆನಪಿದ್ದರೆ ಯಾವ ಡೆವಲಪರ್ ಏಕೆ ಹಾಗೆ ನಡೆದುಕೊಳ್ಳುತ್ತದೆ ಎಂದು ನೀವೇ ಊಹಿಸಬಹುದು.

ಡಿ-76 ಮತ್ತು ಐಡಿ-11. ಕೊಡಾಕ್‌ನದು ಡಿ-76, ಇಲ್‌ಫೋರ್ಡ್‌ನದು ಐಡಿ-11. ಕೆಲಸದಲ್ಲಿ ಎರಡೂ ಒಂದೇ. 1920ರ ದಶಕದಲ್ಲಿ ಸಿನಿಮಾ ಫಿಲ್ಮಿಗೆಂದು ಮಾಡಿದ ಈ ಪಾಕ ಇವತ್ತಿಗೂ ಎಲ್ಲ ಡೆವಲಪರುಗಳ ಅಳತೆಗೋಲು. ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಬೋರಾಕ್ಸ್ ಅಂದರೆ ನಮ್ಮ ಹಿರಿಯರು ಹೇಳುತ್ತಿದ್ದ ಬಿಳಿಗಾರವೇ. ಮತ್ತೆ ನೀರು ಬೆರೆಸದೆ ಪೂರ್ತಿ ಗಾಢವಾಗಿ ಬಳಸಿದರೆ ಗ್ರೇನ್ ಸಣ್ಣದು. 1+1 (ಒಂದು ಪಾಲು ಡೆವಲಪರಿಗೆ ಒಂದು ಪಾಲು ನೀರು) ಮಾಡಿದರೆ ಸಲ್ಫೈಟ್ 50 ಗ್ರಾಂಗೆ ಇಳಿಯುತ್ತದೆ. 1+3ರಲ್ಲಿ 25 ಗ್ರಾಂ. ಒಂದೇ ಬಾಟಲಿಯಿಂದ ಮೂರು ಸ್ವಭಾವದ ಡೆವಲಪರ್ ಸಿಗುತ್ತದೆ ಅಲ್ವಾ? ಹೊಸಬರಿಗೆ ನಾನು ಇದನ್ನೇ ಹೇಳುವುದು ಈ ಕಾರಣಕ್ಕೆ. ಪುಡಿಯಾದ್ದರಿಂದ ತರಿಸಿಕೊಳ್ಳುವುದೂ ಸುಲಭ.

ಒಂದು ಎಚ್ಚರಿಕೆ. ಕಲಸಿಟ್ಟ ಡಿ-76 ವಾರಗಳು ಕಳೆದಂತೆ ಸ್ವಲ್ಪ ಬಿರುಸಾಗುತ್ತದೆ. ತುಂಬಿದ ಬಾಟಲಿ ಆರು ತಿಂಗಳು, ಅರ್ಧ ಖಾಲಿಯಾದದ್ದು ಎರಡು ತಿಂಗಳು ಎಂಬುದು ಕೊಡಾಕ್ ಲೆಕ್ಕ. ಒಂದು ಲೀಟರನ್ನು ನಾಲ್ಕು ಪುಟ್ಟ ಬಾಟಲಿಗಳಲ್ಲಿ ಕುತ್ತಿಗೆವರೆಗೆ ತುಂಬಿ, ಒಂದೊಂದಾಗಿ ತೆರೆಯಿರಿ.

ಪರ್ಸೆಪ್ಟಾಲ್. ಗ್ರೇನ್ ಒಂದೇ ಮುಖ್ಯ ಅನ್ನುವವರಿಗೆ ಇದು. ಇಲ್‌ಫೋರ್ಡ್‌ನ ಪುಡಿ. ಗಾಢವಾಗಿ ಬಳಸಿದರೆ ಗ್ರೇನ್ ನಿಜಕ್ಕೂ ಕರಗಿದಂತೆ ಕಾಣುತ್ತದೆ. ಬದಲಿಗೆ ಫಿಲ್ಮಿನ ವೇಗ ಅರ್ಧದಿಂದ ಒಂದು ಸ್ಟಾಪ್ ಕಡಿಮೆಯಾಗುತ್ತದೆ (ಒಂದು ಸ್ಟಾಪ್ ಕಡಿಮೆ ಅಂದರೆ ಎರಡರಷ್ಟು ಬೆಳಕು ಬೇಕು). ಎಫ್‌ಪಿ4 ಅನ್ನು 125ರ ಬದಲು 64ರಲ್ಲಿ ತೆಗೆಯಬೇಕು. ಟ್ರೈಪಾಡ್ ಇಟ್ಟು ದೇವಸ್ಥಾನದ ಕಂಬವನ್ನೋ ಬಂಡೆಯನ್ನೋ ತೆಗೆಯುವವರಿಗೆ ತೊಂದರೆ ಇಲ್ಲ. ಕೈಯಲ್ಲಿ ಹಿಡಿದು ಸಂತೆಯಲ್ಲಿ ತೆಗೆಯುವವರಿಗೆ ಇದು ಸರಿಯಾದ ಬೆಲೆಯಲ್ಲ. ಕೈ ಅಲುಗಿದ ಚಿತ್ರದಲ್ಲಿ ಸಣ್ಣ ಗ್ರೇನ್ ಇಟ್ಟುಕೊಂಡು ಏನು ಮಾಡುವುದು?

ಎಕ್ಸ್‌ಟಾಲ್. ಕೊಡಾಕ್ 1996ರಲ್ಲಿ ತಂದದ್ದು. ವಿಟಮಿನ್ ಸಿ ಜಾತಿಯ ವಸ್ತುವಿನ ಮೇಲೆ ನಡೆಯುತ್ತದೆ, ಮೆಟಾಲ್ ಇಲ್ಲ, ಹೈಡ್ರೋಕ್ವಿನೋನ್ ಇಲ್ಲ. ನಾನು ಹೇಳಿದ ಮೂರರಲ್ಲಿ ಮೂರಕ್ಕೂ ಹತ್ತಿರ ಬರುವುದು ಇದೊಂದೇ. ಡಿ-76ಕ್ಕಿಂತ ಗ್ರೇನ್ ತುಸು ಸಣ್ಣದು, ನೆರಳಿನ ವಿವರ ತುಸು ಜಾಸ್ತಿ. ಡೆಲ್ಟಾ ಮತ್ತು ಟಿ-ಮ್ಯಾಕ್ಸ್‌ಗೆ ತುಂಬಾ ಹೊಂದುತ್ತದೆ. ಆದರೆ ಐದು ಲೀಟರಿನ ಪ್ಯಾಕು ಒಂದೇ ಸಲ ಕಲಸಬೇಕು. ತಿಂಗಳಿಗೆ ಎರಡು ರೀಲು ತೊಳೆಯುವವರಿಗೆ ಅದು ಬಹಳ. ಆಡಾಕ್ಸ್ ಕಂಪನಿಯ ಎಕ್ಸ್‌ಟಿ-3 ಇದೇ ಜಾತಿಯದು, ಒಂದು ಲೀಟರಿನ ಪ್ಯಾಕಿನಲ್ಲೂ ಬರುತ್ತದೆ.

ಇದರ ದೊಡ್ಡ ದೋಷ, ಹೇಳದೆ ಕೇಳದೆ ಸಾಯುವುದು. ಡಿ-76 ಕೆಟ್ಟರೆ ಕಂದು ಬಣ್ಣಕ್ಕೆ ತಿರುಗಿ ಸುಳಿವು ಕೊಡುತ್ತದೆ. ಎಕ್ಸ್‌ಟಾಲ್ ನೀರಿನಂತೆ ತಿಳಿಯಾಗಿಯೇ ಇರುತ್ತದೆ, ರೀಲು ಮಾತ್ರ ಖಾಲಿ ಬರುತ್ತದೆ. ಆದ್ದರಿಂದ ಪ್ರತಿ ಸಲವೂ ಟ್ಯಾಂಕಿಗೆ (ಫಿಲ್ಮ್ ತೊಳೆಯುವ, ಬೆಳಕು ತಾಗದ ಡಬ್ಬಿಗೆ) ಹಾಕುವ ಮೊದಲು, ರೀಲಿನ ತುದಿಯ ಒಂದು ತುಂಡನ್ನು ಬೆಳಕಿನಲ್ಲೇ ಡೆವಲಪರಿಗೆ ಅದ್ದಿ ನೋಡಿ. ಕೆಲವು ನಿಮಿಷಗಳಲ್ಲಿ ಅದು ಗಟ್ಟಿ ಕಪ್ಪಾಗಬೇಕು.

ರೋಡಿನಾಲ್. 1891ರಲ್ಲಿ ಪೇಟೆಂಟ್ ಆದದ್ದು, ಜರ್ಮನಿಯ ಆಗ್ಫಾ ಕಂಪನಿಯ ಪಾಕ. ಈಗ ಆಡಾಕ್ಸ್ ಮಾಡುತ್ತದೆ. ಸಲ್ಫೈಟ್ ಕಡಿಮೆ ಇರುವುದರಿಂದ ಇದು ಗ್ರೇನನ್ನು ಕರಗಿಸುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಮೊನಚಾಗಿ ತೋರಿಸುತ್ತದೆ. "ಸಣ್ಣ ಗ್ರೇನ್ ಬೇಕಾದವರು ರೋಡಿನಾಲ್ ಮುಟ್ಟಬಾರದು" ಎಂಬ ಮಾತು ಕೇಳಿರಬಹುದು. 400ರ ಫಿಲ್ಮಿಗೆ ಆ ಮಾತು ಸರಿ. 50, 100ರ ಫಿಲ್ಮಿಗೆ ಸರಿಯಲ್ಲ. ಫಿಲ್ಮೇ ಚಿರೋಟಿ ರವೆಯಾಗಿರುವಾಗ ಅದನ್ನು ಮತ್ತೆ ಮೆತ್ತಗೆ ಮಾಡುವುದರಿಂದ ಸಿಗುವುದು ಕಡಿಮೆ, ಚೂಪು ಕಳೆದುಕೊಳ್ಳುವುದು ಜಾಸ್ತಿ. ಪ್ಯಾನ್ ಎಫ್ ಅನ್ನು ರೋಡಿನಾಲ್ 1+50ರಲ್ಲಿ ತೊಳೆದು ನೋಡಿ. ಕಲ್ಲಿನ ಮೇಲಿನ ಉಳಿಯ ಗುರುತು ಬೆರಳಿಗೆ ಸಿಗುವಂತೆ ಬರುತ್ತದೆ.

ಇನ್ನೊಂದು ಗುಣಕ್ಕಾಗಿ ನಮ್ಮ ಹವೆಯಲ್ಲಿ ರೋಡಿನಾಲ್ ನನಗೆ ಬಹಳ ಪ್ರಿಯ. ತೆರೆದ ಬಾಟಲಿ ವರ್ಷಗಟ್ಟಲೆ ಉಳಿಯುತ್ತದೆ. ಬಣ್ಣ ಕಾಫಿ ಡಿಕಾಕ್ಷನ್‌ನಂತೆ ಕಪ್ಪಾದರೂ ಕೆಲಸ ಮಾಡುತ್ತದೆ. 300 ಮಿಲಿ ಟ್ಯಾಂಕಿಗೆ 1+50 ಅಂದರೆ 6 ಮಿಲಿ ಸಾಕು. ಮೆಡಿಕಲ್ ಸ್ಟೋರಿನ 10 ಮಿಲಿ ಸಿರಿಂಜ್ ಇಟ್ಟುಕೊಳ್ಳಿ. ಅಷ್ಟು ಚಿಕ್ಕ ಅಳತೆಯಲ್ಲಿ ಒಂದು ಮಿಲಿ ವ್ಯತ್ಯಾಸವೂ ದೊಡ್ಡದೇ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಎಚ್‌ಸಿ-110 ದ್ರವ, ಬಹುಕಾಲ ಉಳಿಯುತ್ತದೆ, ಗ್ರೇನ್ ಡಿ-76ರ ಆಸುಪಾಸು. ಆದರೆ ಮಾಮೂಲಿ 1+31ರಲ್ಲಿ ನಿಮಿಷಗಳು ಕಡಿಮೆ, ಬಿಸಿ ನೀರಿನಲ್ಲಿ ಇನ್ನೂ ಕಡಿಮೆಯಾಗುತ್ತವೆ. ಇಲ್‌ಫೋಟೆಕ್ ಡಿಡಿ-ಎಕ್ಸ್ ಡೆಲ್ಟಾಗೆ ಬಹಳ ಒಳ್ಳೆಯದು, ಆದರೆ 1+4ರ ಲೆಕ್ಕದಲ್ಲಿ ಬೇಗ ಖಾಲಿಯಾಗಿ ಕೈ ಕಚ್ಚುತ್ತದೆ. ಪೈರೋ ಜಾತಿಯ ಡೆವಲಪರುಗಳು ನೆಗೆಟಿವಿಗೆ ಬಣ್ಣ ಹಿಡಿಸಿ ಗ್ರೇನನ್ನು ಮುಚ್ಚುತ್ತವೆ, ಫಲಿತಾಂಶ ಸುಂದರ. ಆದರೆ ವಿಷಕಾರಿ. ಮಕ್ಕಳಿರುವ ಮನೆಯ ಬಚ್ಚಲಿನಲ್ಲಿ ಅದನ್ನು ಮಾಡಬೇಡಿ. ಆಡಾಕ್ಸ್ ಸಿಎಂಎಸ್ 20 ಎಂಬ ಫಿಲ್ಮ್ ಕೊಂಡಿದ್ದರೆ ಆಯ್ಕೆಯೇ ಇಲ್ಲ. ಅದಕ್ಕೆಂದೇ ಇರುವ ಆಡೋಟೆಕ್ ಬೇಕು, ಬೇರೆಯದರಲ್ಲಿ ಬರೀ ಕಪ್ಪು, ಬರೀ ಬಿಳುಪು ಬರುತ್ತದೆ.

ಈಗ ನೀರಿನ ಮಾತು

ಇದು ನನ್ನ ಮಟ್ಟಿಗೆ ಅತಿ ಮುಖ್ಯ ಹೆಜ್ಜೆ. ನಲ್ಲಿ ಬಿಟ್ಟು ಒಂದು ನಿಮಿಷ ಹರಿಸಿ, ಥರ್ಮಾಮೀಟರ್ ಹಿಡಿಯಿರಿ. ಬೆಳಿಗ್ಗೆ ಐದೂವರೆಗೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ. ಮಾಳಿಗೆ ಮೇಲಿನ ಟ್ಯಾಂಕಿನ ನೀರಾದರೆ ಎರಡರ ನಡುವೆ ಆಶ್ಚರ್ಯ ಹುಟ್ಟಿಸುವಷ್ಟು ಅಂತರ ಇರುತ್ತದೆ. ಕಲಬುರಗಿ, ರಾಯಚೂರಿನ ಕಡೆ ಬೇಸಿಗೆಯಲ್ಲಿ ಬೆಳಗಿನ ಜಾವ ಬಿಟ್ಟರೆ ರೀಲು ತೊಳೆಯುವ ಯೋಚನೆಯೇ ಬೇಡ.

ಉಷ್ಣತೆ ಏರಿದಂತೆ ಡೆವಲಪರ್ ವೇಗವಾಗಿ ಕೆಲಸ ಮಾಡುತ್ತದೆ. ಇಲ್‌ಫೋರ್ಡ್ ಕೊಡುವ ಉದಾಹರಣೆ: 20 ಡಿಗ್ರಿಯಲ್ಲಿ 4 ನಿಮಿಷ ಅಂದರೆ 23ರಲ್ಲಿ 3 ನಿಮಿಷ. ಅಂದರೆ ಒಂದು ಡಿಗ್ರಿಗೆ ನೂರಕ್ಕೆ ಒಂಬತ್ತರಷ್ಟು ಕಡಿತ. ಈಗ ಎಫ್‌ಪಿ4 ಪ್ಲಸ್ ಫಿಲ್ಮನ್ನು ಐಡಿ-11ರಲ್ಲಿ ತೊಳೆಯುತ್ತೇವೆ ಅಂದುಕೊಳ್ಳಿ. 20 ಡಿಗ್ರಿಗೆ ಗಾಢವಾದದ್ದರಲ್ಲಿ ಎಂಟೂವರೆ ನಿಮಿಷ, 1+1ರಲ್ಲಿ 11, 1+3ರಲ್ಲಿ 20. ಇದನ್ನೇ 26 ಡಿಗ್ರಿಗೆ ಲೆಕ್ಕ ಹಾಕಿದರೆ ಗಾಢವಾದದ್ದು ಐದು ನಿಮಿಷಕ್ಕಿಂತ ಕೆಳಗೆ ಹೋಗುತ್ತದೆ. 1+1 ಸುಮಾರು ಆರು ಕಾಲು, 1+3 ಹನ್ನೊಂದು ಕಾಲು.

ಐದು ನಿಮಿಷಕ್ಕಿಂತ ಕಡಿಮೆಯಾದರೆ ಕಷ್ಟ. ಸುರಿಯಲು ಹತ್ತು ಸೆಕೆಂಡ್, ಬಸಿಯಲು ಹತ್ತು ಸೆಕೆಂಡ್ ಹೋಗುತ್ತದೆ. ಅಷ್ಟು ಕಿರಿದಾದ ಕಾಲದಲ್ಲಿ ಈ ಇಪ್ಪತ್ತು ಸೆಕೆಂಡೇ ಆಕಾಶದ ಮೇಲೆ ಪಟ್ಟೆ ಎಳೆಯುತ್ತದೆ. ಹಾಗಾಗಿ "ಗಾಢವಾಗಿ ಬಳಸಿ, ಗ್ರೇನ್ ಸಣ್ಣದಾಗುತ್ತದೆ" ಎಂಬ ಪುಸ್ತಕದ ಸಲಹೆ ನಮ್ಮ ಬೇಸಿಗೆಗೆ ಹೊಂದುವುದಿಲ್ಲ. ನಮ್ಮಲ್ಲಿ ತೆಳು ಮಾಡುವುದೇ ಜಾಣತನ. 24 ಡಿಗ್ರಿಗೆ 1+1, 26 ಡಿಗ್ರಿಗೆ 1+3. ಗ್ರೇನ್ ಕೂದಲೆಳೆಯಷ್ಟು ಎದ್ದು ಕಾಣಬಹುದು. ನೆಗೆಟಿವ್ ಮಾತ್ರ ಸಮವಾಗಿ, ಚೂಪಾಗಿ ಬರುತ್ತದೆ.

1+3 ಮಾಡುವಾಗ ಒಂದು ಲೆಕ್ಕ ತಪ್ಪಬಾರದು. ರೀಲೊಂದಕ್ಕೆ ಕನಿಷ್ಠ 100 ಮಿಲಿ ಗಾಢ ಡೆವಲಪರ್ ಬೇಕು. 300 ಮಿಲಿ ಟ್ಯಾಂಕಿನಲ್ಲಿ 1+3 ಅಂದರೆ ಸಿಗುವುದು 75 ಮಿಲಿ ಮಾತ್ರ. ಎರಡು ಸುರುಳಿಯ ಟ್ಯಾಂಕಿನಲ್ಲಿ 600 ಮಿಲಿ ತುಂಬಿ, ಒಂದೇ ರೀಲು ಹಾಕಿ. ಖಾಲಿ ಸುರುಳಿಯನ್ನು ಮೇಲಿಡಿ.

ಇನ್ನು ನಾನು ಮಾಡಿದ ತಪ್ಪು. ಮೊದಲ ವರ್ಷ ಪುಸ್ತಕದ 20 ಡಿಗ್ರಿಯನ್ನೇ ಹಿಡಿದು ಕೂತಿದ್ದೆ. ಡೆವಲಪರ್ ಬಾಟಲಿಯನ್ನು ಐಸ್ ನೀರಿನಲ್ಲಿಟ್ಟು ಸರಿಯಾಗಿ 20ಕ್ಕೆ ತಂದೆ. ತೊಳೆದೆ. ಆಮೇಲೆ ಟ್ಯಾಂಕನ್ನು ನೇರ ನಲ್ಲಿ ಕೆಳಗೆ ಹಿಡಿದೆ. ನಲ್ಲಿ ನೀರು 29. ಮೇಲುಕೋಟೆಯ ಕಲ್ಯಾಣಿಯ ಚಿತ್ರಗಳು ಅವು, ಮೇಲೆ ತಿಳಿಯಾದ ಆಕಾಶ. ಒಣಗಿಸಿ ನೋಡಿದರೆ ಆಕಾಶವೆಲ್ಲ ಮರಳು ಚೆಲ್ಲಿದಂತಿತ್ತು. ಎರಡು ತಿಂಗಳು ಡೆವಲಪರನ್ನೇ ದೂರಿದೆ. ತಣ್ಣನೆಯ ಜಿಲೆಟಿನ್ ಒಮ್ಮೆಲೇ ಬಿಸಿಗೆ ಸಿಕ್ಕಿ ಉಬ್ಬಿದಾಗ ಗ್ರೇನ್ ಗುಂಪುಗಟ್ಟಿದಂತೆ ಕಾಣುತ್ತದೆ ಎಂದು ತಿಳಿದದ್ದು ಆಮೇಲೆ. ಆ ಚಿತ್ರಗಳನ್ನು ಇವತ್ತು ನೋಡಿದರೂ ಹೊಟ್ಟೆ ಉರಿಯುತ್ತದೆ.

ಅಂದಿನಿಂದ ನನ್ನ ನಿಯಮ ಒಂದೇ. ಡೆವಲಪರ್, ಸ್ಟಾಪ್ (ಡೆವಲಪರಿನ ಕೆಲಸ ನಿಲ್ಲಿಸುವ ದ್ರಾವಣ), ಹೈಪೋ (ಚಿತ್ರವನ್ನು ಖಾಯಂ ಮಾಡುವ ದ್ರಾವಣ), ಕೊನೆಯ ತೊಳೆಯುವ ನೀರು, ನಾಲ್ಕೂ ಎರಡು ಡಿಗ್ರಿಯೊಳಗೆ ಇರಬೇಕು. 20 ಆಗದಿದ್ದರೆ ಬೇಡ, ಎಲ್ಲವೂ 24 ಇರಲಿ. ಈಗಿನ ಫಿಲ್ಮುಗಳು 24 ಡಿಗ್ರಿಯನ್ನು ಆರಾಮವಾಗಿ ತಡೆಯುತ್ತವೆ.

24ಕ್ಕೆ ತರುವುದು ಹೇಗೆ? ಒಳನಾಡಿನಲ್ಲಿ ಮಣ್ಣಿನ ಮಡಕೆಯಷ್ಟು ಒಳ್ಳೆಯ ಉಪಾಯ ಇಲ್ಲ. ಹಿಂದಿನ ರಾತ್ರಿ ಹತ್ತು ಲೀಟರ್ ತುಂಬಿ ಗಾಳಿಯಾಡುವ ಕಡೆ ಇಡಿ. ಮಡಕೆಯ ಮೈಯಿಂದ ನೀರು ಆರುತ್ತಾ ಒಳಗಿನದನ್ನು ತಣ್ಣಗಾಗಿಸುತ್ತದೆ. ನಮ್ಮ ಮನೆಯಲ್ಲಿ ಮೇ ತಿಂಗಳಲ್ಲೂ ಬೆಳಿಗ್ಗೆ 23, 24 ಸಿಗುತ್ತದೆ. ಮಂಗಳೂರು, ಉಡುಪಿಯಲ್ಲಿ ಗಾಳಿಯಲ್ಲೇ ತೇವ ಜಾಸ್ತಿ, ಮಡಕೆ ಅಷ್ಟು ಕೆಲಸ ಮಾಡುವುದಿಲ್ಲ. ಅಲ್ಲಿ ದೊಡ್ಡ ಟಬ್ಬಿನಲ್ಲಿ ನೀರು ತುಂಬಿ, ಫ್ರಿಜ್ಜಿನಲ್ಲಿಟ್ಟ ಒಂದೆರಡು ನೀರಿನ ಬಾಟಲಿ ಮುಳುಗಿಸಿ. ಎಲ್ಲ ಬಾಟಲಿಗಳನ್ನೂ, ಟ್ಯಾಂಕನ್ನೂ ಅದೇ ಟಬ್ಬಿನಲ್ಲಿ ಅರ್ಧ ಗಂಟೆ ನಿಲ್ಲಿಸಿ. ಐಸನ್ನು ಡೆವಲಪರಿಗೆ ನೇರವಾಗಿ ಹಾಕಬೇಡಿ, ಅಳತೆ ಕೆಡುತ್ತದೆ.

ನೀರಿನ ಗುಣವೂ ಮುಖ್ಯ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಪುಡಿ ಕಲಸಿದರೆ ತಳದಲ್ಲಿ ಬಿಳಿ ಗಸಿ ನಿಲ್ಲುತ್ತದೆ. ನೀರಿನಲ್ಲಿ ಕಬ್ಬಿಣ ಇದ್ದರೆ ಎಕ್ಸ್‌ಟಾಲ್ ಬೇಗ ಸಾಯುತ್ತದೆ. ಡೆವಲಪರ್ ಕಲಸಲು ಮನೆಯ ಆರ್‌ಒ ನೀರೋ, ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರೋ ಸಾಕು. ಎಕ್ಸ್‌ಟಾಲ್‌ಗೆ ಮಾತ್ರ ಡಿಸ್ಟಿಲ್ಡ್ ವಾಟರ್ ಬಳಸಿ. ಬ್ಯಾಟರಿಗೆ ಹಾಕುವ ನೀರು ಎಂದು ಕೇಳಿದರೆ ಸಿಗುತ್ತದೆ. ಫಿಲ್ಮನ್ನು ಒಣಹಾಕುವ ಮೊದಲು ಅದರಲ್ಲೇ ಕೊನೆಯ ಮುಳುಗು ಹಾಕಿದರೆ ನೆಗೆಟಿವ್ ಮೇಲೆ ಸುಣ್ಣದ ಕಲೆ ಉಳಿಯುವುದಿಲ್ಲ.

ಹಾಗಾದರೆ ಯಾವುದಕ್ಕೆ ಯಾವುದು?

ಎಫ್‌ಪಿ4 ಪ್ಲಸ್‌ಗೆ ಐಡಿ-11 ಅಥವಾ ಡಿ-76, 1+1. ಇದರಲ್ಲಿ ಎರಡು ಮಾತಿಲ್ಲ. ಚಳಿಗಾಲದಲ್ಲಿ 20 ಡಿಗ್ರಿಗೆ 11 ನಿಮಿಷ, ಬೇಸಿಗೆಯಲ್ಲಿ 24ಕ್ಕೆ ಏಳೂವರೆ. 120 ಫಿಲ್ಮಾದರೆ ರೋಡಿನಾಲ್ 1+50, 20 ಡಿಗ್ರಿಗೆ 15 ನಿಮಿಷ, 24ಕ್ಕೆ ಸುಮಾರು ಹತ್ತು ಕಾಲು.

ಪ್ಯಾನ್ ಎಫ್ ಪ್ಲಸ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಗ್ರೇನ್ ಇದರ ಸಮಸ್ಯೆಯೇ ಅಲ್ಲ, ಕಾಂಟ್ರಾಸ್ಟ್ (ಕಪ್ಪು-ಬಿಳುಪಿನ ನಡುವಿನ ಅಂತರ) ಸಮಸ್ಯೆ. ನಮ್ಮ ನಡು ಮಧ್ಯಾಹ್ನದ ಬಿಸಿಲಿನಲ್ಲಿ ಬಿಳಿ ಪಂಚೆ ಉಟ್ಟವರನ್ನು ತೆಗೆದರೆ ಪಂಚೆಯ ನೆರಿಗೆಗಳೇ ಮಾಯ. ಇದನ್ನು 50ರ ಬದಲು 32ರಲ್ಲಿ ತೆಗೆಯಿರಿ. ತೊಳೆಯುವ ಕಾಲವನ್ನು ನೂರಕ್ಕೆ ಹದಿನೈದರಷ್ಟು ಇಳಿಸಿ. ರೋಡಿನಾಲ್ 1+50ರಲ್ಲಿ ಪಟ್ಟಿಯ ಲೆಕ್ಕ 20 ಡಿಗ್ರಿಗೆ 11 ನಿಮಿಷ, ನಾನು ಒಂಬತ್ತೂ ಕಾಲಿಗೆ ನಿಲ್ಲಿಸುತ್ತೇನೆ. ನಿಮಿಷಕ್ಕೊಮ್ಮೆ ಎರಡು ಸಲ ಮೆಲ್ಲಗೆ ಮಗುಚಿದರೆ ಸಾಕು, ಜೋರಾಗಿ ಕುಲುಕಬೇಡಿ. ಇನ್ನೊಂದು ವಿಷಯ. ಈ ಫಿಲ್ಮಿನಲ್ಲಿ ತೆಗೆದ ಚಿತ್ರ ತೊಳೆಯದೆ ಇಟ್ಟರೆ ಮಂಕಾಗುತ್ತದೆ. ಮೂರು ತಿಂಗಳೊಳಗೆ ತೊಳೆಯಿರಿ ಎನ್ನುತ್ತದೆ ಇಲ್‌ಫೋರ್ಡ್. ನಮ್ಮ ಸೆಕೆಯಲ್ಲಿ ಒಂದು ತಿಂಗಳು ಎಂದುಕೊಳ್ಳಿ. ಕ್ಯಾಮೆರಾದಲ್ಲಿ ಅರ್ಧ ರೀಲು ಬಿಟ್ಟು ಮುಂದಿನ ಜಾತ್ರೆಗೆ ಕಾಯಬೇಡಿ.

ಡೆಲ್ಟಾ 100ಕ್ಕೆ ಎಕ್ಸ್‌ಟಾಲ್ ಸಿಕ್ಕರೆ ಅದು, ಇಲ್ಲದಿದ್ದರೆ ಐಡಿ-11 1+1. ಕಾಲ ಎಫ್‌ಪಿ4ರದ್ದೇ, 11 ನಿಮಿಷ. ಟಿ-ಮ್ಯಾಕ್ಸ್ 100ಕ್ಕೂ ಇದೇ ಎರಡು, ನಿಮಿಷ ಮಾತ್ರ ಅದರ ಪಟ್ಟಿ ನೋಡಿಯೇ ಹಿಡಿಯಿರಿ. ಟಿ-ಮ್ಯಾಕ್ಸ್ ನೆಗೆಟಿವ್ ಗುಲಾಬಿ ಬಣ್ಣ ಉಳಿಸಿಕೊಂಡಿದ್ದರೆ ಅದು ಡೆವಲಪರಿನ ದೋಷವಲ್ಲ. ಹೈಪೋದಲ್ಲಿ ಇನ್ನೂ ಹೊತ್ತು ಇಡಬೇಕಿತ್ತು, ಅಷ್ಟೇ.

ಕೈಯಾರೆ ಕಲಸುವವರಿಗೆ

ಪ್ಯಾಕೆಟ್ ಸಿಗದ ದಿನಗಳಿಗೆ ಡಿ-23 ಕಲಿತಿಟ್ಟುಕೊಳ್ಳಿ. ಇದಕ್ಕಿಂತ ಸುಲಭದ ಪಾಕ ಇಲ್ಲ. ಮೆಟಾಲ್ ಏಳೂವರೆ ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ನೀರು ಸೇರಿ ಒಂದು ಲೀಟರ್. ಸಲ್ಫೈಟ್ ಜಾಸ್ತಿ ಇರುವುದರಿಂದ ಗ್ರೇನ್ ಮೆತ್ತಗೆ, ಕಾಂಟ್ರಾಸ್ಟ್ ಸೌಮ್ಯ. ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದಂತಿದೆ.

ಕ್ರಮ ಮುಖ್ಯ. 750 ಮಿಲಿ ನೀರನ್ನು 50 ಡಿಗ್ರಿಗೆ ಬಿಸಿ ಮಾಡಿ. ಮೊದಲು ಒಂದು ಚಿಟಿಕೆ ಸಲ್ಫೈಟ್, ಆಮೇಲೆ ಮೆಟಾಲ್ ಪೂರ್ತಿ. ಅದು ಕರಗಿದ ಮೇಲೆ ಉಳಿದ ಸಲ್ಫೈಟನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಸಲ್ಫೈಟ್ ಎಲ್ಲ ಮೊದಲೇ ಸುರಿದರೆ ಮೆಟಾಲ್ ಕರಗದೆ ತೇಲುತ್ತದೆ. ಡಿ-76 ಕಲಸುವಾಗಲೂ ಇದೇ ಕ್ರಮ. ಕೊನೆಗೆ ತಣ್ಣೀರು ಸೇರಿಸಿ ಒಂದು ಲೀಟರ್ ಮಾಡಿ, ಒಂದು ರಾತ್ರಿ ಬಿಟ್ಟು ಬಳಸಿ. ತೊಳೆಯುವ ಕಾಲಕ್ಕೆ ಗಾಢ ಡಿ-76ರ ನಿಮಿಷದಿಂದ ಶುರು ಮಾಡಿ, ನೆಗೆಟಿವ್ ತೆಳುವಾಗಿದ್ದರೆ ಮುಂದಿನ ರೀಲಿಗೆ ಒಂದು ನಿಮಿಷ ಸೇರಿಸಿ.

ಮೆಟಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಕಜ್ಜಿಯಂತೆ ಏಳುತ್ತದೆ. ಕೈಗವಸು ಹಾಕಿಯೇ ಮುಟ್ಟಿ. ಪುಡಿ ತೂಗುವಾಗ ಫ್ಯಾನ್ ಆರಿಸಿ, ಮಾಸ್ಕ್ ಹಾಕಿ. ಅಳೆಯುವ ಲೋಟ, ಚಮಚ ಎಲ್ಲ ಬೇರೆಯೇ ಇರಲಿ. ಅಡುಗೆಮನೆಯಿಂದ ತಂದದ್ದು ಮತ್ತೆ ಅಡುಗೆಮನೆಗೆ ಹೋಗಬಾರದು.

ಕೊನೆಯ ಹೆಜ್ಜೆ: ಒಂದು ರೀಲು ಪರೀಕ್ಷೆಗೆ ಕೊಡಿ

ಮೇಲೆ ಹೇಳಿದ್ದೆಲ್ಲ ನನ್ನ ಕಣ್ಣಿನ ತೀರ್ಪು. ನಿಮ್ಮ ಕಣ್ಣಿಗೆ ಬೇರೆಯದು ಇಷ್ಟವಾಗಬಹುದು. 36ರ ಒಂದು ರೀಲು ತೆಗೆದುಕೊಳ್ಳಿ. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ಒಂದೇ ನೋಟವನ್ನು ಒಂದೇ ಬೆಳಕಿನಲ್ಲಿ 36 ಸಲವೂ ತೆಗೆಯಿರಿ. ನೋಟದಲ್ಲಿ ಮೂರು ಇರಲಿ: ತಿಳಿ ಆಕಾಶ ಅಥವಾ ಬಣ್ಣ ಬಳಿದ ಬರಿ ಗೋಡೆ, ಎಲೆ ತುಂಬಿದ ಮರ, ಅಕ್ಷರ ಬರೆದ ಬೋರ್ಡು.

ಕತ್ತಲೆಯಲ್ಲಿ ರೀಲನ್ನು ಹೊರತೆಗೆದು ಅಂದಾಜಿನ ಮೇಲೆ ಮೂರು ತುಂಡು ಮಾಡಿ. ನಡುವೆ ಒಂದೆರಡು ಚಿತ್ರ ಕತ್ತರಿಗೆ ಸಿಕ್ಕರೂ ನಷ್ಟವಿಲ್ಲ, ಎಲ್ಲವೂ ಒಂದೇ ಚಿತ್ರ. ಯಾವ ತುಂಡು ಯಾವುದು ಎಂದು ಕತ್ತಲಲ್ಲಿ ಗೊತ್ತಾಗಲು ಮೊದಲನೆಯದರ ತುದಿಗೆ ಒಂದು ಕಚ್ಚು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು ಕತ್ತರಿಸಿ. ಒಂದನ್ನು ಡಿ-76 1+1ರಲ್ಲಿ, ಒಂದನ್ನು ರೋಡಿನಾಲ್ 1+50ರಲ್ಲಿ, ಇನ್ನೊಂದನ್ನು ನಿಮಗೆ ಆಸೆ ಇರುವುದರಲ್ಲಿ ತೊಳೆಯಿರಿ. ಮೂರಕ್ಕೂ ನೀರು ಒಂದೇ ಉಷ್ಣತೆಯಲ್ಲಿರಲಿ. ಉಳಿದ ತುಂಡುಗಳನ್ನು ಕತ್ತಲ ಡಬ್ಬಿಯಲ್ಲಿ ಭದ್ರವಾಗಿಡಿ.

ಹಸಿ ಫಿಲ್ಮ್ ನೋಡಿ ತೀರ್ಮಾನ ಮಾಡಬೇಡಿ, ಪೂರ್ತಿ ಒಣಗಲಿ. ಸ್ಕ್ಯಾನ್ ಮಾಡುವುದಾದರೆ ಶಾರ್ಪನಿಂಗ್ ಆಫ್ ಮಾಡಿ, ಇಲ್ಲದಿದ್ದರೆ ನೀವು ನೋಡುವುದು ಸ್ಕ್ಯಾನರ್ ಹುಟ್ಟಿಸಿದ ಗ್ರೇನು. ಭೂತಗನ್ನಡಿ ಹಿಡಿದು ಮೊದಲು ಆಕಾಶವನ್ನು ನೋಡಿ. ನಡುವಿನ ಬೂದು ಬಣ್ಣದಲ್ಲೇ ಗ್ರೇನ್ ಹೆಚ್ಚು ಕಾಣುವುದು. ಆಮೇಲೆ ಬೋರ್ಡಿನ ಅಕ್ಷರದ ಅಂಚು ನೋಡಿ. ಕೊನೆಗೆ ಮರದ ಕೆಳಗಿನ ನೆರಳಿನಲ್ಲಿ ಬೇರು ಕಾಣುತ್ತದೆಯೇ ನೋಡಿ. ಮೂರು ತುಂಡಿಗೂ ಈ ಮೂರನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಪಕ್ಕದಲ್ಲಿ ಆ ದಿನದ ನೀರಿನ ಡಿಗ್ರಿಯನ್ನೂ ಬರೆಯಿರಿ. ಆರಿಸಿದ ಡೆವಲಪರಿನಲ್ಲಿ ಮುಂದಿನ ಹತ್ತು ರೀಲು ತೊಳೆಯುವವರೆಗೆ ಬೇರೆ ಬಾಟಲಿ ತೆರೆಯಬೇಡಿ.